ಮೋಟಾರು ಆಮೇಲೆ ಹಾಕಿಸಿಕೊಂಡರಾಯ್ತು

ನೆಂಟರಿಷ್ಟರಲ್ಲಿ ಯಾರಿಗೋ ಕಂಪ್ಯೂಟರ್ ಬಗ್ಗೆ ನಾಲ್ಕಕ್ಷರ ಗೊತ್ತಂತೆ ಎಂಬ ಸುದ್ದಿ ಹಬ್ಬಿದರೆ ಮುಗಿಯಿತು, ಆಮೇಲೆ ಅವರ ಪಾಡು ಹಳ್ಳಿಯ ಕಾಂಪೌಂಡರನ ಪಾಡೇ. ಮದುವೆಮನೆಯಲ್ಲಿ ಎಲೆ ಮುಂದೆ ಕೂತಿದ್ದರೂ ಪಕ್ಕದವರು "ನಮ್ಮ ಲ್ಯಾಪ್‌ಟಾಪು ಯಾಕೋ ತುಂಬಾ ಸ್ಲೋ ಆಗಿದೆ ಕಣಪ್ಪ" ಎಂದು ನಾಡಿ ನೋಡಿಸಲು ಕೈ ಚಾಚುತ್ತಾರೆ. ನಾನು ಚಾಮರಾಜಪೇಟೆಯ ಮುದ್ರಣಾಲಯಗಳಲ್ಲಿ ಇಪ್ಪತ್ತೈದು ವರ್ಷದಿಂದ ಡಿಟಿಪಿ ಮಾಡಿಕೊಂಡು ಬಂದವನು. ಲಗ್ನಪತ್ರಿಕೆ, ಬಿಲ್‌ಬುಕ್ಕು, ಶಾಲಾ ವಾರ್ಷಿಕೋತ್ಸವದ ಕರಪತ್ರ. ಪೇಜ್‌ಮೇಕರ್, ಕೋರೆಲ್‌ಡ್ರಾ, ನುಡಿ, ಇಷ್ಟೇ ನನ್ನ ವಿದ್ಯೆ. ಆದರೆ ಕೆಟ್ಟ ಮೆಷಿನ್ನನ್ನು ಸರ್ವಿಸಿಗೆ ಕಳಿಸಲು ದುಡ್ಡಿಲ್ಲದ ಯಜಮಾನರ ಕೆಳಗೆ ದುಡಿದದ್ದರಿಂದ ಕ್ಯಾಬಿನೆಟ್ ಬಿಚ್ಚಿ ಒಳಗೆ ಕೈ ಹಾಕುವ ಧೈರ್ಯ ಬಂದಿದೆ. ನೆಂಟರಿಗೆ ಅಷ್ಟು ಸಾಕು.

2023ರ ಬೇಸಿಗೆಯಲ್ಲಿ ತಿಪಟೂರಿನಿಂದ ಅಕ್ಕನ ಫೋನು ಬಂತು. "ಚೀಟಿ ಎತ್ತಿದೀನಿ ಕಣೋ. ಕೈಗೆ ನಲವತ್ತೆರಡು ಸಾವಿರ ಬರುತ್ತೆ. ಇವನಿಗೊಂದು ಕಂಪ್ಯೂಟರ್ ಕೊಡ್ಸು. ನಿಮ್ಮ ಭಾವನ ಹತ್ರ ಓದೋಕೆ ಅಂತ ಹೇಳಿದೀನಿ."

ಅಕ್ಕ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಇಪ್ಪತ್ತು ಹೆಂಗಸರು ತಿಂಗಳಿಗೆ 2,500 ರೂಪಾಯಿ ಹಾಕುವ ಚೀಟಿ, ಒಟ್ಟು 50,000. ಕೊನೆಯವರೆಗೆ ಕಾದಿದ್ದರೆ ಹೆಚ್ಚುಕಮ್ಮಿ ಪೂರ್ತಿ ಬರುತ್ತಿತ್ತು. ನಡುವೆಯೇ ಕೂಗಿ ಎತ್ತಿದ್ದರಿಂದ 8,000 ಕಸರು ಹೋಗಿತ್ತು. ಆ 8,000 ಎಂದರೆ ಆಗಿನ ಬೆಲೆಯಲ್ಲಿ ಹತ್ತಿರಹತ್ತಿರ ಒಂದು ಐ3 ಪ್ರೊಸೆಸರ್. ಇದನ್ನು ನಾನು ಅವಳಿಗೆ ಹೇಳಲಿಲ್ಲ. ಅವಳಿಗೆ ಆತುರ ಯಾಕಿತ್ತು ಎಂಬುದು ಎರಡನೇ ಫೋನಿನಲ್ಲಿ ತಿಳಿಯಿತು. ಹುಡುಗ ಸಂಜೆ ಟ್ಯೂಷನ್ನಿಗೆ ಅಂತ ಹೊರಟು ಬಸ್ ಸ್ಟ್ಯಾಂಡಿನ ಹಿಂದಿರುವ ಗೇಮಿಂಗ್ ಸೆಂಟರಿನಲ್ಲಿ ಗಂಟೆಗೆ 40 ರೂಪಾಯಿ ಕೊಟ್ಟು ಆಡುತ್ತಿದ್ದ. ಪಕ್ಕದ ಬೀದಿಯ ಹೆಂಗಸೊಬ್ಬಳು ರವಿಕೆ ಅಳತೆ ಕೊಡಲು ಬಂದವಳು ಅದನ್ನೂ ಕೊಟ್ಟು ಹೋಗಿದ್ದಳು. "ಎಲ್ಲೋ ಕೂತು ಆಡೋದಕ್ಕಿಂತ ಮನೇಲಿ ಆಡ್ಲಿ. ಕಣ್ಣೆದುರಿಗಿರ್ತಾನೆ. ನಿಮ್ಮ ಭಾವನಿಗೆ ಮಾತ್ರ ಇದು ಗೊತ್ತಾಗೋದು ಬೇಡ."

ಭಾವ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆಂದು ಕೊಟ್ಟ ಅವರ ಫೋನಿನಲ್ಲಿ ಪಬ್‌ಜಿ ಆಟವೇ ಹೆಚ್ಚು ನಡೆದಿತ್ತು. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಆ ಆಟವನ್ನು ನಿಷೇಧಿಸಿದ ದಿನ ಭಾವ ಮಂಡಿಯವರಿಗೆಲ್ಲ ಟೀ ಕುಡಿಸಿದರಂತೆ. ಮರುವರ್ಷ ಅದೇ ಆಟ ಬೇರೆ ಹೆಸರಿಟ್ಟುಕೊಂಡು ಬಂದಾಗ ಅವರು ಒಂದು ವಾರ ಮಗನ ಜೊತೆ ಮಾತು ಬಿಟ್ಟಿದ್ದರು. ಹುಡುಗ ಪಿಯುಸಿಯಲ್ಲಿ ಪಾಸಾಗಿದ್ದ, ಅಷ್ಟೆ. ಎಂಜಿನಿಯರಿಂಗ್ ಮಾತನ್ನು ಅಂಕಪಟ್ಟಿಯೇ ಮಡಚಿ ಬೀರುವಿನಲ್ಲಿಟ್ಟಿತ್ತು. ಊರಿನಲ್ಲೇ ಬಿಸಿಎ ಅಂತ ತೀರ್ಮಾನವಾಗಿತ್ತು. ಆ ಹುಡುಗನಿಗೆ ಚೆನ್ನಾಗಿ ಬರುತ್ತೆ ಎಂದು ನಾಲ್ಕು ಜನ ಒಪ್ಪುವ ಕೆಲಸ ಆಗ ಇದ್ದದ್ದು ಒಂದೇ, ವ್ಯಾಲೊರಂಟ್ ಆಟ. ದೊಡ್ಡವರು ಇದನ್ನು ಹಗುರವಾಗಿ ನೋಡುತ್ತಾರೆ. ನನಗೆ ಹಾಗೆ ನೋಡಲಾಗಲಿಲ್ಲ.

ಅವನ ಪಟ್ಟಿ ಅವತ್ತೇ ರಾತ್ರಿ ವಾಟ್ಸಾಪಿಗೆ ಬಂತು. ಇಂಟೆಲ್ ಕೋರ್ ಐ5-12400ಎಫ್ ಪ್ರೊಸೆಸರ್, ರೇಡಿಯಾನ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್. ಜೋಡಿ ಚೆನ್ನಾಗಿಯೇ ಇತ್ತು, ಯೂಟ್ಯೂಬಿನ ಪಂಡಿತರೆಲ್ಲ ಒಪ್ಪಿದ್ದ ಜೋಡಿ. ಆದರೆ ಎರಡೂ ಸೇರಿ 35,000ದ ಆಸುಪಾಸು. ಉಳಿದ 7,000ದಲ್ಲಿ ಮದರ್‌ಬೋರ್ಡು, ರ್‍ಯಾಮು, ಎಸ್ಸೆಸ್ಡಿ, ಪವರ್ ಸಪ್ಲೈ, ಕ್ಯಾಬಿನೆಟ್ಟು, ಮಾನಿಟರು ಬರಬೇಕು. ಕೇಳಿದರೆ "ಮಾನಿಟರ್ ಬೇಡ ಮಾಮ, ಹಾಲ್‌ನಲ್ಲಿರೋ ಟಿವಿಗೆ ಹಾಕ್ತೀನಿ" ಅಂದ. ಆ ಟಿವಿಯ ಮುಂದೆ ರಾತ್ರಿ ಎಂಟರಿಂದ ಹತ್ತರವರೆಗೆ ಕೂರುವವರು ಭಾವ!

ಎರಡನೇ ಪಟ್ಟಿ ಬಂತು. ಐ3-12100ಎಫ್, ಜೊತೆಗೆ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್. ಇದು ತೂಗಿ ನೋಡಬೇಕಾದ ಪಟ್ಟಿ. 12100ಎಫ್ ಎಂಬುದು 2022ರ ಜನವರಿಯಲ್ಲಿ ಬಂದ ನಾಲ್ಕು ಕೋರಿನ ಚಿಕ್ಕ ಪ್ರೊಸೆಸರ್, ಆದರೆ ಗಾತ್ರಕ್ಕೆ ಮೀರಿದ ಚುರುಕು. ಬಡವರ ಗೇಮಿಂಗ್‌ಗೆ ಅಷ್ಟು ದುಡ್ಡಿಗೆ ಅದಕ್ಕಿಂತ ಚುರುಕಾದದ್ದು ಹುಡುಕುವುದು ಆಗ ಕಷ್ಟವಿತ್ತು. ಹೆಸರಿನ ಕೊನೆಗಿರುವ ಎಫ್ ಅಕ್ಷರವನ್ನು ಮಾತ್ರ ಓದಿಕೊಂಡು ಕೊಳ್ಳಬೇಕು. ಎಫ್ ಅಂದರೆ ಆ ಪ್ರೊಸೆಸರಿನೊಳಗೆ ಚಿತ್ರ ಮೂಡಿಸುವ ಭಾಗ ಕೆಲಸ ಮಾಡುವುದಿಲ್ಲ ಎಂದರ್ಥ. ಕಾರ್ಡು ಹಾಕದೆ ಸ್ವಿಚ್ ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆ ಅಮಾವಾಸ್ಯೆ. ಸಾವಿರ ಚಿಲ್ಲರೆ ಉಳಿಯಿತೆಂದು ಎಫ್ ತಂದು, ಕಂಪ್ಯೂಟರ್ ಸತ್ತಿದೆ ಎಂದು ಮೂರು ದಿನ ಕಂಗಾಲಾದವರೊಬ್ಬರು ನಮ್ಮ ಪ್ರೆಸ್ಸಿನ ಪಕ್ಕದಲ್ಲೇ ಇದ್ದಾರೆ.

ಹಾಗಾಗಿ 12100ಎಫ್‌ನ ಹಣೆಬರಹವೆಲ್ಲ ಸೆಕೆಂಡ್ ಹ್ಯಾಂಡ್ ಕಾರ್ಡಿನ ಕೈಯಲ್ಲಿ. ಆ ವರ್ಷ ಹಳೆಯ ಕಾರ್ಡುಗಳು ಪೇಟೆಯಲ್ಲಿ ಧಾರಾಳವಾಗಿದ್ದವು. ಕಾರಣವೂ ಗೊತ್ತಿದ್ದದ್ದೇ. 2022ರ ಸೆಪ್ಟೆಂಬರಿನವರೆಗೆ ಈಥೀರಿಯಂ ಎಂಬ ಕ್ರಿಪ್ಟೊ ಹಣವನ್ನು ಗ್ರಾಫಿಕ್ಸ್ ಕಾರ್ಡಿನಿಂದ ಗಣಿಗಾರಿಕೆ ಮಾಡಬಹುದಿತ್ತು. ಪದ್ಧತಿ ಬದಲಾದ ದಿನವೇ ಆ ಕಾರ್ಡುಗಳೆಲ್ಲ ನಿರುದ್ಯೋಗಿಗಳಾದವು. ಹಗಲು ರಾತ್ರಿ ದುಡಿದ ಕಾರ್ಡೆಲ್ಲ ಹಾಳು ಎನ್ನುವುದು ತಪ್ಪು. ಚೆನ್ನಾಗಿರುವವೂ ಇರುತ್ತವೆ. ಆದರೆ ವಾರಂಟಿ ಇರದ ಪದಾರ್ಥವನ್ನು ಅಕ್ಕನ ಚೀಟಿ ದುಡ್ಡಿನಲ್ಲಿ ಕೊಂಡು ತಿಪಟೂರಿಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಅದು ಕೈಕೊಟ್ಟ ದಿನ ಹುಡುಗ ಮತ್ತೆ ಬಸ್ ಸ್ಟ್ಯಾಂಡಿನ ಹಿಂದಕ್ಕೇ ಹೋಗುತ್ತಾನೆ.

ನನ್ನ ತಲೆಯಲ್ಲಿದ್ದದ್ದು ಮೂರನೇ ದಾರಿ, ಎಎಂಡಿಯವರ ರೈಜೆನ್ 5 5600ಜಿ. 2021ರ ಆಗಸ್ಟಿನಲ್ಲಿ ಬಿಡಿಯಾಗಿ ಮಾರಾಟಕ್ಕೆ ಬಂದದ್ದು. ಆರು ಕೋರು, ಹನ್ನೆರಡು ಥ್ರೆಡ್ಡು, ಹೊಟ್ಟೆಯೊಳಗೇ ಒಂದು ಚಿಕ್ಕ ಗ್ರಾಫಿಕ್ಸ್. ಕಾರ್ಡಿಲ್ಲದೆಯೂ ಪರದೆ ಬೆಳಗುತ್ತದೆ, ಹಗುರವಾದ ಆಟಗಳು ನಡೆಯುತ್ತವೆ. ಮುಂದೆ ದುಡ್ಡಾದಾಗ ಕಾರ್ಡು ಸಿಕ್ಕಿಸಿಕೊಳ್ಳಬಹುದು. ಹುಡುಗನಿಗೆ ಇದು ಇಷ್ಟವಾಗಲಿಲ್ಲ. "ಮಾಮ, ಜಿ ತಗೊಂಡ್ರೆ ಮುಂದೆ ಕಾರ್ಡ್ ಹಾಕಿದಾಗ ಬಾಟಲ್‌ನೆಕ್ ಆಗುತ್ತೆ" ಎಂದ.

ಈ ಬಾಟಲ್‌ನೆಕ್ ಎಂಬ ಪದದ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಆಟ ಸುಲಲಿತವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರ ಬೇಕು. ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 16 ಮಿಲಿಸೆಕೆಂಡು ಚಿಲ್ಲರೆ. ಅಷ್ಟರಲ್ಲಿ ಪ್ರೊಸೆಸರು ಎದುರಾಳಿ ಎಲ್ಲಿ ನಿಂತ, ಗುಂಡು ಎತ್ತ ಹೋಯಿತು, ಗೋಡೆಗೆ ಬಡಿಯಿತೋ ಇಲ್ಲವೋ ಎಲ್ಲ ಲೆಕ್ಕ ಹಾಕಿ "ಇಂಥದ್ದು ಬರಿ" ಎಂದು ಕಾರ್ಡಿಗೆ ಹೇಳಬೇಕು, ಕಾರ್ಡು ಬರೆಯಬೇಕು. ಒಬ್ಬರು ನಿಧಾನವಾದರೆ ಇನ್ನೊಬ್ಬರು ಕಾಯುತ್ತಾರೆ. ಪ್ರೆಸ್ಸಿನಲ್ಲಿ ನಡೆಯುವುದೂ ಇದೇ. ಒಂದು ದಿನ ಆಫ್‌ಸೆಟ್ ಮೆಷಿನ್ನು ನನ್ನ ಪುಟ ಬರಲಿ ಎಂದು ಕಾಯುತ್ತದೆ, ಇನ್ನೊಂದು ದಿನ ನನ್ನ ಪುಟ ಪ್ಲೇಟಿಗೆ ಕಾಯುತ್ತದೆ. ಎಲ್ಲಿಯೂ ಯಾರೂ ಕಾಯದ ಪ್ರೆಸ್ಸನ್ನು ನಾನು ಕಂಡಿಲ್ಲ, ಅಂಥ ಕಂಪ್ಯೂಟರೂ ಇಲ್ಲ. ಭಾರಿ ಚಿತ್ರಗಳ ಆಟದಲ್ಲಿ ಸಾಮಾನ್ಯವಾಗಿ ಕಾರ್ಡು ಹಿಂದೆ ಬೀಳುತ್ತದೆ. ವ್ಯಾಲೊರಂಟ್‌ನಂಥ ಚುರುಕಿನ ಆಟದಲ್ಲಿ ಒಳ್ಳೆ ಕಾರ್ಡಿದ್ದರೆ ಪ್ರೊಸೆಸರು ಹಿಂದೆ ಬೀಳುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ಹಾಗಂತ ಹುಡುಗ ಹೇಳಿದ್ದು ಸುಳ್ಳಲ್ಲ. ಜಿ ಇಲ್ಲದ ಬರೀ 5600 ಅಂತ ಇನ್ನೊಂದಿದೆ, 2022ರಲ್ಲಿ ಬಂದದ್ದು. ಅದರ ಎಲ್3 ಕ್ಯಾಶ್ 32 ಎಂಬಿ. ಜಿಯಲ್ಲಿ ಅದರರ್ಧ, 16 ಎಂಬಿ, ಒಳಗೆ ಗ್ರಾಫಿಕ್ಸಿಗೂ ಜಾಗ ಬೇಕಲ್ಲ. ಕಾರ್ಡಿಗೆ ಹೋಗುವ ದಾರಿಯೂ 5600ರಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕನೇ ತಲೆಮಾರಿನದು, ಜಿಯಲ್ಲಿ ಮೂರನೆಯದು. ಒಂದೇ ಕಾರ್ಡನ್ನು ಎರಡಕ್ಕೂ ಹಾಕಿ ನೋಡಿದರೆ 5600 ಮುಂದಿರುತ್ತದೆ. ನಾನು ಅವನಿಗೆ ಇದನ್ನೆಲ್ಲ ಒಪ್ಪಿಯೇ ಹೇಳಿದೆ. ಆದರೆ 5600ರೊಳಗೆ ಗ್ರಾಫಿಕ್ಸ್ ಇಲ್ಲ, ಮತ್ತೆ ಕಾರ್ಡಿಗೇ ಬಂದು ನಿಲ್ಲುತ್ತೇವೆ.

ವಾದ ಹೀಗೆ ಮೂರು ದಿನ ನಡೆದು, ನಾಲ್ಕನೇ ದಿನ ಅಕ್ಕ ಫೋನು ಕಿತ್ತುಕೊಂಡಳು. "ಅದೇನು ಅಂತ ನಂಗೂ ಹೇಳ್ರೋ. ದುಡ್ಡು ನಂದಲ್ವಾ?"

ಹೇಳಿದೆ. ಕೋರ್ ಅಂದರೆ ಹೊಲಿಯುವವರು ಅಂದ್ಕೋ, ಇದರಲ್ಲಿ ಆರು ಜನ ಇದ್ದಾರೆ ಎಂದೆ. ಹನ್ನೆರಡು ಥ್ರೆಡ್ ಎಂದಾಗ "ಥ್ರೆಡ್ ಅಂದ್ರೆ ದಾರಾನಾ?" ಎಂದಳು. ನಗು ಬಂತು, ಆದರೆ ಹೌದೆಂದೆ. ಒಬ್ಬೊಬ್ಬರ ಕೈಯಲ್ಲೂ ಎರಡು ಬಟ್ಟೆ. ಒಂದು ಇಸ್ತ್ರಿಗೆ ಕಾಯುವಾಗ ಕೈ ಕಟ್ಟಿ ಕೂರದೆ ಇನ್ನೊಂದಕ್ಕೆ ಹೊಲಿಗೆ ಹಾಕುತ್ತಾರೆ. ಕ್ಯಾಶ್ ಅಂದರೆ ನಿನ್ನ ಮೆಷಿನ್ನಿನ ಪಕ್ಕದ ಡ್ರಾಯರು, ಬಾಬಿನ್ನು ಗುಂಡಿ ಕೈಗೆ ಸಿಗೋ ಹಾಗೆ ಇಟ್ಟಿರ್ತೀಯಲ್ಲ ಅದು. ರ್‍ಯಾಮ್ ಅಂದರೆ ಗೋಡೆಯ ಬೀರು, ಎದ್ದು ಹೋಗಬೇಕು. ಎಸ್ಸೆಸ್ಡಿ ಅಂದರೆ ಪೇಟೆ ಬೀದಿಯ ಬಟ್ಟೆ ಅಂಗಡಿ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಈ ಕಾರ್ಡು ಅಂದ್ರೆ ಮೋಟಾರು ಇದ್ದ ಹಾಗಾ?" ಎಂದಳು. ಅಕ್ಕನ ಮದುವೆಯಾದ ಹೊಸತರಲ್ಲಿ ಕೊಂಡದ್ದು ಕಾಲಲ್ಲಿ ತುಳಿಯುವ ಮೆಷಿನ್ನು. ನಾಲ್ಕು ವರ್ಷ ತುಳಿದು, ರವಿಕೆ ದುಡ್ಡು ಕೂಡಿಸಿ, ಆಮೇಲೆ ಅದೇ ಮೆಷಿನ್ನಿಗೆ ಮೋಟಾರು ಹಾಕಿಸಿದಳು. ಈಗಲೂ ಅದೇ ಇದೆ. "ಹಂಗಾದ್ರೆ ಮೆಷಿನ್ ಗಟ್ಟಿದು ತಗೊಳ್ಳಿ. ಮೋಟಾರು ಆಮೇಲೆ ಹಾಕಿಸಿಕೊಂಡರಾಯ್ತು" ಎಂದು ಫೋನು ಮಗನಿಗೆ ಕೊಟ್ಟಳು. ಅವನು ಆಮೇಲೆ ವಾದ ಮಾಡಲಿಲ್ಲ. ಒಪ್ಪಿದನೋ, ಸುಮ್ಮನಾದನೋ ಗೊತ್ತಾಗಲಿಲ್ಲ.

ಮೇ ತಿಂಗಳ ಒಂದು ಶನಿವಾರ ಬೆಳಗಿನ ರೈಲಿಗೆ ಬಂದ. ಇಬ್ಬರೂ ಎಸ್.ಪಿ. ರೋಡಿಗೆ ಹೋದೆವು. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಹೇಳಿದರೆ ಆಟೋದವರು ಒಮ್ಮೆ ತಿರುಗಿ ನೋಡುತ್ತಾರೆ. 1999ರಲ್ಲಿ ನಮ್ಮ ಯಜಮಾನರ ಹಿಂದೆ ಇದೇ ರಸ್ತೆಗೆ ಮೊದಲ ಸಲ ಬಂದಿದ್ದೆ. ಪೆಂಟಿಯಂ ಕೊಳ್ಳಲು ದುಡ್ಡು ಸಾಲದವರಿಗೆ ಆಗ ಸೆಲೆರಾನ್ ಇತ್ತು. ಅದರಲ್ಲಿ 300ಎ ಎಂಬ ಒಂದು ಪೀಸಿನ ಮೇಲೆ ಹುಡುಗರೆಲ್ಲ ಮುಗಿಬೀಳುತ್ತಿದ್ದರು. 300 ಮೆಗಾಹರ್ಟ್ಜ್‌ನ ಅದನ್ನು, ಬೋರ್ಡಿನ ವೇಗ 66ರಿಂದ 100ಕ್ಕೆ ಏರಿಸಿ 450ಕ್ಕೆ ಓಡಿಸಬಹುದಿತ್ತು. ಕಡಿಮೆ ದುಡ್ಡಿನವರು ಪ್ರೊಸೆಸರಿನಿಂದ ಹೆಚ್ಚು ಹಿಂಡುವ ಈ ಆಟ ಹೊಸದಲ್ಲ. ಆಗ ಇಲ್ಲಿ ಅಂಗಡಿಗಿಂತ ಮೆಟ್ಟಿಲುಗಳೇ ಹೆಚ್ಚು ಎನಿಸಿತ್ತು, ಈಗಲೂ ಹಾಗೆಯೇ ಎನಿಸುತ್ತದೆ. ಈ ಚಿಪ್ಪುಗಳಲ್ಲಿ ಹಲವನ್ನು ತಯಾರಿಸುವುದು ತೈವಾನಿನಲ್ಲಿ. ಆದರೆ ವಿನ್ಯಾಸದ ಕೆಲಸ ಮಾಡುವ ಸಾವಿರಾರು ಎಂಜಿನಿಯರುಗಳು ಇದೇ ಊರಿನಲ್ಲಿದ್ದಾರೆ. ಅದೇ ವರ್ಷ ನವೆಂಬರಿನಲ್ಲಿ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಬೆಂಗಳೂರಿನಲ್ಲೇ ತೆರೆಯಿತು. ಆ ಗಾಜಿನ ಕಟ್ಟಡಗಳಿಗೂ ಈ ಮೆಟ್ಟಿಲುಗಳಿಗೂ ನಡುವೆ ಊರಿನ ಟ್ರಾಫಿಕ್ಕೆಲ್ಲ ಇದೆ.

ಮೊದಲ ಅಂಗಡಿಯಲ್ಲಿ "ಟ್ರೇ ಪೀಸ್ ಇದೆ ಸಾರ್, ಸಾವಿರದ ಇನ್ನೂರು ಕಮ್ಮಿ" ಎಂದರು. ಡಬ್ಬಿಯಿಲ್ಲದೆ ಬರುವ ಪ್ರೊಸೆಸರು. ಡಬ್ಬಿಯದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಮತ್ತು ಜೊತೆಗೊಂದು ಫ್ಯಾನು. ಟ್ರೇಯದಕ್ಕೆ ಅಂಗಡಿಯವರ ಮಾತೇ ವಾರಂಟಿ. ಬಿಲ್ಲು ಕೇಳಿದೆ. "ಬಿಲ್ ಬೇಕಂದ್ರೆ ರೇಟ್ ಬೇರೆ" ಎಂದರು. ಹೊರಬಂದೆವು. ಎರಡನೇ ಅಂಗಡಿಯಲ್ಲಿ ಬಿಲ್ಲು ಸಮೇತ 11,500ಕ್ಕೆ ಡಬ್ಬಿ ಸಿಕ್ಕಿತು. ಬೋರ್ಡಿಗೆ ಬಿ450 ತೆಗೆದುಕೊಂಡಿದ್ದರೆ ಎರಡು ಸಾವಿರ ಉಳಿಯುತ್ತಿತ್ತು, ಆದರೆ ಹಳೆ ಸ್ಟಾಕಿನ ಬೋರ್ಡಾದರೆ ಬಯೋಸ್ ಅಪ್‌ಡೇಟ್ ಮಾಡುವವರೆಗೆ ಈ ಪ್ರೊಸೆಸರನ್ನು ಗುರುತೇ ಹಿಡಿಯುವುದಿಲ್ಲ. ಬಿ550 ತೆಗೆದುಕೊಂಡೆವು. ಮುಂದೆ ಬೇಕಾದರೆ ಇದೇ ಬೋರ್ಡಿಗೆ ಎಂಟು ಕೋರಿನ ಪ್ರೊಸೆಸರೂ ಕೂರುತ್ತದೆ. ಹಿಂದಿನ ಸೆಪ್ಟೆಂಬರಿನಲ್ಲೇ ಎಎಂ5 ಎಂಬ ಹೊಸ ಸಾಕೆಟ್ಟು ಬಂದಿತ್ತು, ಅದಕ್ಕೆ ಡಿಡಿಆರ್5 ರ್‍ಯಾಮೇ ಬೇಕು. ಅದರ ಬೆಲೆ ಕೇಳಿ ಹುಡುಗನೇ ಮುಂದೆ ನಡೆದ.

ಜಗಳ ಆಗಿದ್ದು ರ್‍ಯಾಮಿಗೆ. ಅಂಗಡಿಯವರ ಹತ್ತಿರ 16 ಜಿಬಿಯ ಒಂಟಿ ಪಟ್ಟಿ ಇತ್ತು. ನನಗೆ 8 ಜಿಬಿಯ ಎರಡು ಬೇಕಿತ್ತು. "ಎರಡೂ ಹದಿನಾರೇ ಅಲ್ವಾ ಸಾರ್?" ಎಂದರು. ಅಲ್ಲ. ಒಳಗೆ ಕೂತ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇರುವುದಿಲ್ಲ, ಅದು ಬದುಕುವುದೇ ರ್‍ಯಾಮಿನ ಮೇಲೆ. ಎರಡು ಪಟ್ಟಿ ಇದ್ದರೆ ಗೋಡೌನಿಗೆ ಎರಡು ಬಾಗಿಲಿದ್ದ ಹಾಗೆ, ಸಾಮಾನು ಒಂದೇ ಹೊತ್ತಿಗೆ ಎರಡೂ ಕಡೆಯಿಂದ ಬರುತ್ತದೆ. ಒಂಟಿ ಪಟ್ಟಿ ಹಾಕಿದರೆ ಇದೇ 5600ಜಿ ಆಟದಲ್ಲಿ ಕುಂಟುತ್ತದೆ. ಪ್ರೊಸೆಸರು ಆರಿಸಲು ಮೂರು ವಾರ ತಲೆ ಕೆಡಿಸಿಕೊಂಡವರು ಕೊನೆಗೆ ಈ ಒಂದು ಪಟ್ಟಿಯಲ್ಲಿ ಎಲ್ಲ ಕಳೆದುಕೊಳ್ಳುತ್ತಾರೆ. ನಾಲ್ಕು ಅಂಗಡಿ ತಿರುಗಿ ಜೋಡಿ ತಂದೆವು. ಮಾನಿಟರು, ಕೀಬೋರ್ಡು, 550 ವಾಟಿನ ಪವರ್ ಸಪ್ಲೈ ಎಲ್ಲ ಸೇರಿ 40,000ಕ್ಕೆ ಬಂದು ನಿಂತಿತು. ಈಗಿನ ಮೆಷಿನ್ನಿಗೆ 550 ವಾಟ್ ಜಾಸ್ತಿಯೇ. ಅದು ಮುಂದೆ ಬರುವ ಮೋಟಾರಿಗೆ. ತಿಪಟೂರಿನ ಕರೆಂಟಿಗೆ ಯುಪಿಎಸ್ ಬೇಕೇ ಬೇಕಿತ್ತು, ಅದು ಸೋದರಮಾವನ ಉಡುಗೊರೆ.

ಅಂಗಡಿಯಲ್ಲೇ ಜೋಡಿಸಿ ಕೊಡುತ್ತಿದ್ದರು. ಹುಡುಗ ಬೇಡವೆಂದ. ಡಬ್ಬಿಗಳನ್ನೆಲ್ಲ ಹೊತ್ತು ಭಾನುವಾರ ರೈಲು ಹತ್ತಿದೆವು. ಮಾನಿಟರನ್ನು ಅವನು ತಿಪಟೂರಿನವರೆಗೂ ತೊಡೆಯಿಂದ ಇಳಿಸಲಿಲ್ಲ. ಕಡಲೆಕಾಯಿಯವನು ಬಂದಾಗಲೂ ಒಂದೇ ಕೈ ಚಾಚಿದ.

ಸಂಜೆ ಅಕ್ಕನ ಕತ್ತರಿಸುವ ಮೇಜಿನ ಮೇಲೆ ಜೋಡಿಸಲು ಕೂತೆವು. ಬೋರ್ಡು ಹರಡಿ ಪ್ರೊಸೆಸರಿನ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಭಾವ ಮಂಡಿಯಿಂದ ಬಂದವರು ಮಾತಿಲ್ಲದೆ ತಮ್ಮ ಫೋನಿನ ಟಾರ್ಚು ಹಿಡಿದು ನಿಂತರು. ಎಎಂಡಿಯ ಈ ಪೀಳಿಗೆಯಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಯಡಿ, 1,331 ಪಿನ್ನು, ಸೇವಂತಿಗೆ ಕೇಸರಕ್ಕಿಂತ ತೆಳು. ಒಂದು ಬಾಗಿದರೂ ಚೀಟಿ ದುಡ್ಡು ನೀರುಪಾಲು. ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಕೈ ಬಿಡಬೇಕು, ಒತ್ತಬಾರದು, ತಾನೇ ಕೂರುತ್ತದೆ. ಕೂರಿಸಿದ್ದು ಹುಡುಗ. ಕೈ ನಡುಗಲಿಲ್ಲ.

"ಇದೇನಾ ಹನ್ನೊಂದೂವರೆ ಸಾವಿರದ್ದು? ಬಿಸ್ಕತ್ತಿನಷ್ಟೂ ಇಲ್ವಲ್ಲ" ಎಂದರು ಭಾವ.

ಹುಡುಗ ನೀರು ತರಲು ಒಳಗೆ ಹೋದಾಗ ನಾನೇ ಬಾಯಿಬಿಟ್ಟೆ. ಅಕ್ಕನಿಗೆ ಕೊಟ್ಟ ಮಾತು ನೆನಪಿತ್ತು. ಆದರೂ ಆ ಮನುಷ್ಯ ಟಾರ್ಚು ಹಿಡಿದು ನಿಂತಿರುವಾಗ ಓದೋಕೆ ಓದೋಕೆ ಎನ್ನುತ್ತಲೇ ಇರಲು ನಾಲಿಗೆ ಏಳಲಿಲ್ಲ. "ಭಾವ, ಇದರಲ್ಲಿ ಓದೋದೂ ಆಗುತ್ತೆ, ಆಟಾನೂ ಆಗುತ್ತೆ. ಆಡ್ತಾನೆ. ನಿಮಗೆ ಗೊತ್ತಿರಲಿ."

ಅವರು ಟಾರ್ಚನ್ನು ಒಂದಿಷ್ಟು ಇಳಿಸಿದರು. "ಬಸ್ ಸ್ಟ್ಯಾಂಡ್ ಹಿಂದೆ ಆಡೋದು ನಂಗೆ ಗೊತ್ತಿಲ್ಲ ಅಂದ್ಕೊಂಡಿದೀಯೇನಪ್ಪ? ಮಂಡಿಯಿಂದ ಬರೋದು ಅದೇ ದಾರೀಲಿ. ಇವನ ಸೈಕಲ್ಲು ದಿನಾ ಅಲ್ಲೇ ನಿಂತಿರುತ್ತೆ. ಒಂದಿನ ಗಾಳಿ ಹೋಗಿತ್ತು, ನಾನೇ ಹೊಡಿಸಿಟ್ಟು ಬಂದೆ." ಆಮೇಲೆ ಅಡಿಗೆಮನೆಯ ಕಡೆ ನೋಡಿ, "ನಿಮ್ಮಕ್ಕನಿಗೆ ಹೇಳಬೇಡ. ಟ್ಯೂಷನ್ನಿಗೆ ಹೋಗ್ತಾನೆ ಅಂದ್ಕೊಂಡಿದಾಳೆ" ಎಂದರು.

ನಾನು ಕೂಲರಿನ ಸ್ಕ್ರೂ ಬಿಗಿಮಾಡಿದೆ.

ಕರೆಂಟು ಬಂದದ್ದು ಒಂಬತ್ತಕ್ಕೆ. ಸ್ವಿಚ್ ಒತ್ತಿದಾಗ ಪರದೆ ಎರಡು ಕ್ಷಣ ಕಪ್ಪಾಗಿಯೇ ಇದ್ದು ಆಮೇಲೆ ಬೆಳಗಿತು. ಬಯೋಸಿನಲ್ಲಿ ಗ್ರಾಫಿಕ್ಸಿಗೆ 2 ಜಿಬಿ ಎತ್ತಿಟ್ಟು, ರ್‍ಯಾಮನ್ನು ಅದರ ಪೂರ್ತಿ ವೇಗವಾದ 3200ಕ್ಕೆ ಏರಿಸಿದೆವು. ವ್ಯಾಲೊರಂಟ್ ಇಳಿಸಿಕೊಳ್ಳಲು ಮರುದಿನ ಮಧ್ಯಾಹ್ನದವರೆಗೆ ಹಿಡಿಯಿತು. ಚಿತ್ರಗಳ ಗುಣಮಟ್ಟ ಕಡಿಮೆ ಇಟ್ಟಾಗ ಸೆಕೆಂಡಿಗೆ ನೂರು ಚಿತ್ರ ಸರಾಗವಾಗಿ ದಾಟಿತು. ಜಿಟಿಎ 5 ಕೂಡ ಪರವಾಗಿಲ್ಲ ಎನ್ನುವ ಹಾಗೆ ಓಡಿತು. ಗೆಳೆಯನೊಬ್ಬ ಹೇಳಿದನೆಂದು ರೆಡ್ ಡೆಡ್ ರಿಡೆಂಪ್ಷನ್ 2 ಹಾಕಿ ನೋಡಿದ. ರೆಸಲ್ಯೂಷನ್ ಇಳಿಸಿದ ಮೇಲೂ ಕುದುರೆ ಕೆಸರಲ್ಲಿ ನಡೆದಂತೆ ನಡೆಯಿತು. ಅವನು ನನ್ನ ಕಡೆ ನೋಡಲಿಲ್ಲ, ಅಮ್ಮನ ಮೆಷಿನ್ನಿನ ಕಡೆ ನೋಡಿದ. ಅದರ ಮೋಟಾರು ಗುಂಯ್‌ಗುಡುತ್ತಿತ್ತು.

ಭಾವ ಒಂದೇ ಒಂದು ಷರತ್ತು ಹಾಕಿದರು. ಕಂಪ್ಯೂಟರು ರೂಮಿಗೆ ಹೋಗಕೂಡದು, ಹಾಲಿನಲ್ಲೇ ಇರಬೇಕು. ಈಗ ರಾತ್ರಿ ಅವರು ಟಿವಿ ನೋಡುತ್ತಾರೆ, ಹಿಂದೆ ಇವನು ಹೆಡ್‌ಫೋನ್ ಹಾಕಿಕೊಂಡು ಆಡುತ್ತಾನೆ, ಆ ಬದಿಯಲ್ಲಿ ಅಕ್ಕ ಕಾಜ ಹೊಲಿಯುತ್ತಾಳೆ. ಬಿಸಿಎ ಸೇರಿದ ಮೇಲೆ ಹುಡುಗ ಅದರಲ್ಲೇ ಊರಿನ ಫ್ಲೆಕ್ಸ್ ಅಂಗಡಿಗೆ ಹುಟ್ಟುಹಬ್ಬದ ಬ್ಯಾನರುಗಳನ್ನು ಮಾಡಿಕೊಡುತ್ತಾನೆ, ಒಂದಕ್ಕೆ 150 ರೂಪಾಯಿ. ಕನ್ನಡ ಅಕ್ಷರ ಒಡೆದುಹೋದಾಗ ನನಗೆ ಫೋನು ಮಾಡುತ್ತಾನೆ. ಕಾರ್ಡಿನ ಲೆಕ್ಕವನ್ನು ಭಾವ ಮಂಡಿಯ ಹಳೆ ಖಾತೆ ಪುಸ್ತಕವೊಂದರ ಹಿಂದಿನ ಪುಟದಲ್ಲಿ ಬರೆದಿಡುತ್ತಾರಂತೆ. ಹೋದ ಸಲ ಕೇಳಿದಾಗ 9,450 ಆಗಿತ್ತು.

ನಡುವೆ ಒಮ್ಮೆ ಅಕ್ಕನ ಫೋನು ಬಂತು. ಕಂಪ್ಯೂಟರಿನ ಫ್ಯಾನು ಸದ್ದು ಮಾಡುತ್ತಿದೆ, ಮೆಷಿನ್ ಎಣ್ಣೆ ಎರಡು ಹನಿ ಬಿಡಲಾ ಎಂದು. ಬೇಡ ಮಾರಾಯ್ತಿ, ಧೂಳು ಕೂತಿರುತ್ತೆ, ನಿನ್ನ ಮೆಷಿನ್ ಒರೆಸೋ ಬ್ರಷ್ಷಿನಲ್ಲಿ ಮೆಲ್ಲಗೆ ತೆಗಿ ಎಂದೆ. ಈಗ ತಿಂಗಳಿಗೊಂದು ಸಲ, ಶುಕ್ರವಾರ ತನ್ನ ಮೆಷಿನ್ನನ್ನು ಒರೆಸಿ ಕುಂಕುಮ ಇಡುವಾಗ, ಅದರ ಬಾಗಿಲನ್ನೂ ತೆಗೆಸಿ ಬ್ರಷ್ಷು ಆಡಿಸುತ್ತಾಳೆ. ಬೋರ್ಡಿನ ನಡುವೆ ಖಾಲಿ ಬಿದ್ದಿರುವ ಉದ್ದನೆಯ ಸ್ಲಾಟಿನೊಳಗೂ ಧೂಳು ಇರದಂತೆ ನೋಡಿಕೊಳ್ಳುತ್ತಾಳೆ.